ಉಪ್ಪಾಗೆಯ ಹುಳಿ, ಡಬ್ಬಿಯ ಗುಳಿಗೆ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಿತ್ಯಹರಿದ್ವರ್ಣ ಕಾಡಿನ ಮರಗಳ ಔಷಧಗುಣದ ಬಗ್ಗೆ ಮಾತಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ಹತ್ತು ಮರಗಳ ಹೆಸರು, ಹತ್ತು ರೋಗಗಳ ಹೆಸರು ಹೇಳಿ ಕುಳಿತುಕೊಳ್ಳಬಹುದು. ಆದರೆ ಮನೆಗೆ ಒಯ್ಯಲು ನಿಮಗೆ ಏನೂ ಉಳಿಯುವುದಿಲ್ಲ. ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಒಂದೇ ಮರದ ಬಗ್ಗೆ ಹೇಳುತ್ತೇನೆ: ಉಪ್ಪಾಗೆ.

ಬಯಲುಸೀಮೆಯವರಿಗೆ ಇದರ ಪರಿಚಯ ಕಡಿಮೆ. ಶರಬತ್ತು ಮಾಡುವ ಮುರುಗಲಿನ ಕುಲದ್ದೇ ಮರ ಇದು, ಪಶ್ಚಿಮಘಟ್ಟದ ಕಾಡಿನದು. ಹಣ್ಣು ಪುಟ್ಟ ಕುಂಬಳದ ಹಾಗೆ ಗೀರುಗೀರಾಗಿ, ಮಾಗಿದಾಗ ಹಳದಿಯಾಗಿರುತ್ತದೆ. ಅದರ ಸಿಪ್ಪೆಯನ್ನು ಒಣಗಿಸಿ ಅಡಿಗೆಯ ಹುಳಿಗೆ ಇಟ್ಟುಕೊಳ್ಳುತ್ತಾರೆ. ಕೇರಳದವರ ಕುಡಂಪುಳಿ ಇದೇ. ಬೀಜದಿಂದ ಮಲೆನಾಡಿನ ಮನೆಗಳಲ್ಲಿ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ದನಗಳ ಬಾಯಿಬೇನೆಗೆ ಸಿಪ್ಪೆಯ ಕಷಾಯದಿಂದ ಬಾಯಿ ತೊಳೆಯುವ ರೂಢಿಯೂ ಉಂಟು.

ಈ ಹುಳಿ ಯಾವುದು? ಮೊದಲು ಇದನ್ನು ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ಎಂದೇ ತಿಳಿದಿದ್ದರು. ಅಲ್ಲವೆಂದು ತೋರಿಸಿದವರು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. 1965ರಲ್ಲಿ ಅವರು ಪ್ರಕಟಿಸಿದಂತೆ ಇದರ ಮುಖ್ಯ ಆಮ್ಲ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ. ನಿಂಬೆಯ ಆಮ್ಲಕ್ಕೆ ಒಂದೇ ಒಂದು ಆಮ್ಲಜನಕದ ಪರಮಾಣು ಹೆಚ್ಚಿಗೆ ಸೇರಿದರೆ ಇದಾಗುತ್ತದೆ. ಅಷ್ಟೇ ವ್ಯತ್ಯಾಸ!

ಆ ಒಂದು ಪರಮಾಣು ಏನು ಮಾಡುತ್ತದೆ ನೋಡಿ. ನಾವು ಹೆಚ್ಚಾಗಿ ಉಂಡ ಅನ್ನ, ಸಕ್ಕರೆ ಜೀವಕೋಶದಲ್ಲಿ ಸಿಟ್ರೇಟ್ ಆಗುತ್ತವೆ. ಅದನ್ನು ಒಂದು ಕಿಣ್ವ ತುಂಡರಿಸುತ್ತದೆ. ಆ ತುಂಡಿನಿಂದ ಕೊಬ್ಬು ಕಟ್ಟಲ್ಪಡುತ್ತದೆ. ಉಪ್ಪಾಗೆಯ ಆಮ್ಲ ನೋಡಲು ಸಿಟ್ರೇಟಿನಂತೆಯೇ ಇರುವುದರಿಂದ ಆ ಕಿಣ್ವದೊಳಗೆ ಹೋಗಿ ಕೂರುತ್ತದೆ. ಬೇರೆ ಮನೆಯ ಕೀಲಿಕೈ ಬೀಗದಲ್ಲಿ ಸಿಕ್ಕಿಕೊಂಡ ಹಾಗೆ, ಕೆಲಸ ನಿಲ್ಲುತ್ತದೆ. ಇದು 1969ರಲ್ಲಿ ಅಮೆರಿಕದಲ್ಲಿ ತಿಳಿಯಿತು. ಇಲಿಗಳಿಗೆ ಕೊಟ್ಟಾಗ ಅವುಗಳ ತೂಕ ಏರುವುದು ಕಡಿಮೆಯಾಯಿತು. ವ್ಯಾಪಾರಿಗಳಿಗೆ ಇಷ್ಟು ಸಾಕಾಯಿತು.

ಆದರೆ ಇಲಿಯ ಮಾತು ಬೇರೆ, ಮನುಷ್ಯನ ಮಾತು ಬೇರೆ. 1998ರಲ್ಲಿ ಅಮೆರಿಕದ ವೈದ್ಯರು 135 ಜನ ದಪ್ಪಗಿದ್ದವರನ್ನು ಪರೀಕ್ಷಿಸಿದರು. ಎಲ್ಲರಿಗೂ ಒಂದೇ ಬಗೆಯ ಮಿತ ಆಹಾರ. ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಔಷಧವಿಲ್ಲದ ಬರೀ ಗುಳಿಗೆ. 12 ವಾರಗಳ ಕೊನೆಗೆ ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಬರೀ ಗುಳಿಗೆ ತಿಂದವರು 4.1 ಕಿಲೋ! ಇಳಿಸಿದ್ದು ಮಿತ ಆಹಾರ, ಗುಳಿಗೆಯಲ್ಲ.

ಆದರೂ ಡಬ್ಬಿಗಳು ಮಾರಾಟವಾಗುತ್ತಲೇ ಇವೆ. ಮದುವೆಗೆ ಮುಂಚೆ ಸಣ್ಣಗಾಗಬೇಕೆಂದು ಹೆಣ್ಣುಮಕ್ಕಳು ತರಿಸಿಕೊಳ್ಳುತ್ತಾರೆ. ‘ಗಿಡಮೂಲಿಕೆ, ಏನೂ ಆಗುವುದಿಲ್ಲ’ ಎಂಬ ಧೈರ್ಯ ಬೇರೆ. ಇಂಥ ಗುಳಿಗೆ ತಿಂದವರಿಗೆ ಯಕೃತ್ತು ಕೆಟ್ಟ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಯಕೃತ್ತನ್ನೇ ಬದಲಿಸಬೇಕಾದವರೂ ಇದ್ದಾರೆ. ಎಲ್ಲರಿಗೂ ಹಾಗಾಗುತ್ತದೆಂದಲ್ಲ. ಆದರೆ ಸಾರಿಗೆ ಹಾಕುವ ಎರಡು ಸಿಪ್ಪೆ ಬೇರೆ, ತಿಂಗಳುಗಟ್ಟಲೆ ನುಂಗುವ ಸಾರ ಬೇರೆ. ನುಂಗುತ್ತಿರುವವರು ಯಾರಾದರೂ ಇಲ್ಲಿದ್ದರೆ ಇಂದೇ ನಿಲ್ಲಿಸಿರಿ. ಕಣ್ಣು ಹಳದಿಯಾದರೆ, ಮೂತ್ರ ಕಂದಾದರೆ ವೈದ್ಯರ ಹತ್ತಿರ ಹೋಗಿ ಗುಳಿಗೆಯ ವಿಷಯ ಮುಚ್ಚಿಡದೆ ಹೇಳಿರಿ.

ಇನ್ನು ಕಾಡಿನ ಮಾತು. 1990ರ ದಶಕದಲ್ಲಿ ಹೊರದೇಶದ ಬೇಡಿಕೆಯಿಂದ ಸಿಪ್ಪೆಯ ಬೆಲೆ ಏರಿದಾಗ ಉತ್ತರ ಕನ್ನಡದಲ್ಲಿ ಕೊಂಬೆಗಳನ್ನೇ ಕಡಿದು ಕಾಯಿ ಕೆಡವಿದರು. ಕಾಡು ಎಲ್ಲರದು, ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂದು ಹಣ್ಣಾಗುವ ಮೊದಲೇ ಕೊಯ್ದರು. ಮಳೆಗಾಲದಲ್ಲಿ ಬಿಸಿಲೆಲ್ಲಿ? ಸಿಪ್ಪೆ ಒಣಗಿಸಲು ಕಟ್ಟಿಗೆಯೂ ಕಾಡಿನಿಂದಲೇ ಬಂತು. ಆಮೇಲೆ ಬೆಲೆ ಬಿತ್ತು. ಕೊಯ್ದವರನ್ನು ನಾನು ದೂರುವುದಿಲ್ಲ. ಅವರಿಗೆ ಅದು ಹೊಟ್ಟೆಪಾಡಿನ ಕಾಯಕ. ಬೆಲೆ ಏರಿಸಿದ್ದು ಬೆವರು ಸುರಿಸದೆ ಸಣ್ಣಗಾಗುವ ದೂರದವರ ಆಸೆ.

ಮಲೆನಾಡಿನಿಂದ ಬಂದ ಶರಣರು ಇಲ್ಲಿದ್ದೀರಿ. ಉದುರಿದ ಹಣ್ಣು ಆರಿಸಿದರೆ ಕೊಂಬೆ ಉಳಿಯುತ್ತದೆ; ಮಾಗಿದ ಹಣ್ಣಾದ್ದರಿಂದ ತುಪ್ಪಕ್ಕೆ ಬಲಿತ ಬೀಜವೂ ಸಿಗುತ್ತದೆ. ಊರವರು ಕೂತು ಕೊಯ್ಲಿನ ದಿನ ಗೊತ್ತುಮಾಡಿಕೊಂಡರೆ ಇದು ಆಗುವ ಕೆಲಸ. ನಿಮ್ಮ ಊರುಗಳಲ್ಲಿ ಹೇಗೆ ನಡೆದಿದೆಯೆಂದು ಈಗ ನೀವು ಹೇಳಬೇಕು.