ಖಬರಸ್ತಾನದ ಮಾವಿನ ಮರ ಮತ್ತು ಕಡಲ ಹದ್ದಿನ ಮರಿ

(ಕಾರವಾರ–ಅಂಕೋಲಾ ನಡುವಿನ ಕರಾವಳಿಯ ಮಸೀದಿಯೊಂದರಲ್ಲಿ ಜನವರಿ ತಿಂಗಳ ಜುಮಾದಂದು ನೀಡಿದ ಪ್ರವಚನದ ಸಾರಾಂಶ)



ನಮ್ಮಲ್ಲಿ ಹಲವರು ರಾತ್ರಿ ಮಲಗುವ ಮೊದಲು ಸೂರಃ ಅಲ್ ಮುಲ್ಕ್ ಓದುತ್ತಾರೆ. ಅದರ 19ನೇ ವಚನದಲ್ಲಿ ಅಲ್ಲಾಹನು ಹಕ್ಕಿಗಳ ಕಡೆಗೆ ನಮ್ಮ ಗಮನ ಸೆಳೆಯುತ್ತಾನೆ. ತಲೆಯ ಮೇಲೆ ರೆಕ್ಕೆ ಬಿಚ್ಚುತ್ತಾ ಮಡಚುತ್ತಾ ಹೋಗುವ ಅವುಗಳನ್ನು ಪರಮ ದಯಾಮಯನಲ್ಲದೆ ಬೇರೆ ಯಾರೂ ಹಿಡಿದು ನಿಲ್ಲಿಸಿಲ್ಲ ಎಂದು ತಿಳಿಸುತ್ತಾನೆ. ರಾತ್ರಿ ಈ ವಚನ ಓದುವ ನಾವು ಹಗಲಲ್ಲಿ ಎಷ್ಟು ಸಲ ತಲೆ ಎತ್ತಿ ನೋಡಿದ್ದೇವೆ?

ಇಂದು ಈ ಮಾತು ಎತ್ತಲು ಕಾರಣವಿದೆ. ನಮ್ಮ ಖಬರಸ್ತಾನದ ಮೂಲೆಯ ಹಳೆಯ ಮಾವಿನ ಮರವನ್ನು ಕಡಿದು ಮಾರಿ, ಮಳೆಗೆ ಬಿದ್ದ ಗೋಡೆ ಕಟ್ಟಿಸೋಣ ಎಂಬ ಮಾತು ಜಮಾಅತಿನಲ್ಲಿ ನಡೆಯುತ್ತಿದೆ. ಗೋಡೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ದನ, ನಾಯಿಗಳು ಖಬರ್‌ಗಳ ಮೇಲೆ ಓಡಾಡುವುದು ನೋಡಲಾಗದ ವಿಷಯ. ಆದರೆ ಆ ಮರದ ತುದಿಯಲ್ಲಿ ಒಂದು ಸಂಸಾರವಿದೆ. ಮರಿಯ ತಲೆ ಕಂಡಿದೆ ಎಂದು ಮದ್ರಸದ ಹುಡುಗರು ನನಗೆ ಹೇಳಿದರು. ನಾನೂ ಗುಡ್ಡದ ಕಡೆಯಿಂದ ಹೋಗಿ ನೋಡಿ ಬಂದೆ.

ಅದು ಬಿಳಿ ಹೊಟ್ಟೆಯ ಕಡಲ ಹದ್ದು. ಬೈತಖೋಲ ಬಂದರಿನಲ್ಲಿ ಮೀನಿನ ಸುತ್ತ ಗಿರಕಿ ಹೊಡೆಯುವ ಕಂದು ಹದ್ದು ಬೇರೆ, ಕೆಂಪು ಮೈ, ಬಿಳಿ ತಲೆಯ ಗರುಡ ಬೇರೆ. ಇದು ಅವೆರಡಕ್ಕಿಂತ ಬಹಳ ದೊಡ್ಡದು. ತಲೆ, ಎದೆ, ಹೊಟ್ಟೆ ಬಿಳಿ, ಬೆನ್ನು ಬೂದಿ ಬಣ್ಣ. ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ಹೊರಬರುವಾಗ ಬಾತುಕೋಳಿಯಂತೆ ಗಟ್ಟಿಯಾಗಿ ಕೂಗುವುದು ಕೇಳುತ್ತದಲ್ಲ, ಅದು ಈ ಗಂಡು ಹೆಣ್ಣು ಸೇರಿ ಕೂಗುವುದು. ಮೀನಲ್ಲದೆ ಸಮುದ್ರದ ಹಾವನ್ನೂ ಹಿಡಿದು ತರುತ್ತವೆ. ಬಲೆಗೆ ಬಂದ ಕಡಲ ಹಾವನ್ನು ನಮ್ಮ ಮೀನುಗಾರ ಸಹೋದರರು ಎಷ್ಟು ಎಚ್ಚರದಿಂದ ಬಿಡಿಸುತ್ತಾರೆಂದು ನಿಮಗೆ ಗೊತ್ತು. ಅದನ್ನೇ ಈ ಹಕ್ಕಿ ಮರಿಯ ಊಟಕ್ಕೆ ಹೊತ್ತು ತರುತ್ತದೆ.

ಇವು ಒಂದೇ ಗೂಡನ್ನು ವರ್ಷ ವರ್ಷ ರಿಪೇರಿ ಮಾಡಿ ಬಳಸುತ್ತವೆ. ಪ್ರತಿ ವರ್ಷ ಹೊಸ ಕಡ್ಡಿ, ಒಳಗೆ ಹಸಿ ಎಲೆ. ಹಾಗಾಗಿ ಗೂಡು ದೊಡ್ಡದಾಗುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು 6 ವಾರ ಕಾವು. ಎರಡರಲ್ಲಿ ಬಹಳ ಸಲ ಒಂದೇ ಮರಿ ಉಳಿಯುತ್ತದೆ. ಆ ಒಂದಕ್ಕಾಗಿ ತಂದೆ ತಾಯಿ ಎರಡೂ 70, 80 ದಿನ ದುಡಿಯುತ್ತವೆ. ಹಾರಿದ ಮೇಲೂ ಕೆಲವು ವಾರ ಮರಿ ಅಲ್ಲೇ ಸುತ್ತಮುತ್ತ ಇದ್ದು ತಂದೆ ತಾಯಿಯ ಕೈತುತ್ತಿಗೆ ಕಾಯುತ್ತದೆ. ಮೈಯೆಲ್ಲ ಕಂದಾಗಿರುವ ಆ ಮರಿಗೆ ದೊಡ್ಡವರ ಬಿಳಿ ಬಣ್ಣ ಬರಬೇಕಾದರೆ ನಾಲ್ಕೈದು ವರ್ಷ ಬೇಕು.

ಸಹೋದರರೇ, ಅಲ್ಲಾಹನು ಕರುಣೆಯನ್ನು 100 ಪಾಲು ಮಾಡಿ, ಒಂದೇ ಒಂದು ಪಾಲನ್ನು ಭೂಮಿಗೆ ಇಳಿಸಿದನೆಂದು ಪ್ರವಾದಿ(ಸ)ಯವರು ತಿಳಿಸಿದ ಹದೀಸನ್ನು ನೀವು ಕೇಳಿದ್ದೀರಿ. ಪ್ರಾಣಿಯೊಂದು ತನ್ನ ಮರಿಯನ್ನು ತುಳಿದೇನೆಂದು ಗೊರಸು ಎತ್ತಿ ಹಿಡಿಯುವುದು ಆ ಒಂದು ಪಾಲಿನಿಂದಲೇ. ಸಮುದ್ರದ ಹಾವಿನ ಬೆನ್ನು ಮುರಿಯುವ ಕೊಕ್ಕು ಮರಿಯ ಬಾಯಿಗೆ ಎಳೆ ಎಳೆಯಾಗಿ ಮಾಂಸ ಇಡುವುದನ್ನು ನೋಡಿದರೆ ಆ ಹದೀಸ್ ಕಣ್ಣಿಗೆ ಕಾಣುತ್ತದೆ.

ಶಾಹೀನ್ ಎಂಬ ಹೆಸರು ನಮ್ಮ ಮನೆಗಳಲ್ಲಿದೆ. ಮಕ್ಕಳಿಗೆ ಇಡುತ್ತೇವೆ, ಬೀದರಿನ ಪ್ರಸಿದ್ಧ ವಿದ್ಯಾಸಂಸ್ಥೆಗೂ ಅದೇ ಹೆಸರು, ಅಲ್ಲಾಮಾ ಇಕ್ಬಾಲರ ಕಾವ್ಯದಲ್ಲಿ ಅದು ಎಲ್ಲೆಲ್ಲೂ ಹಾರುತ್ತದೆ. ಆದರೆ ಆ ಹಕ್ಕಿ ನಮ್ಮ ಪಶ್ಚಿಮ ಘಟ್ಟದ ಬಂಡೆಗಳಲ್ಲೇ ಮರಿ ಮಾಡುತ್ತದೆಂದು ಎಷ್ಟು ಜನರಿಗೆ ಗೊತ್ತು? ಪೆರೆಗ್ರಿನ್ ಎಂದು ಲೋಕವೆಲ್ಲ ಕರೆಯುವ ಡೇಗೆಯ ನಮ್ಮ ದೇಶದ ಬಗೆಯೇ ಶಾಹೀನ್. ಗಲ್ಫ್‌ನಲ್ಲಿರುವ ನಮ್ಮವರು ಅರಬರ ಕೈಗವಸಿನ ಮೇಲೆ ಇದರ ಬಂಧುಗಳನ್ನು ಕಂಡಿರುತ್ತಾರೆ. ಬೇಟೆಗೆ ಎರಗುವಾಗ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗ. ಇಷ್ಟಿದ್ದೂ ಅದು ಗೂಡು ಕಟ್ಟುವುದಿಲ್ಲ. ಬಂಡೆಯ ಅಂಚಿನಲ್ಲಿ ಮಣ್ಣು ಕೆದಕಿ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಗಂಡು ಚಿಕ್ಕದು, ಬೇಟೆ ತರುವುದು ಹೆಚ್ಚಾಗಿ ಅದರ ಪಾಲು. ಹೆಣ್ಣು ಅದನ್ನು ಹರಿದು ಮರಿಗಳಿಗೆ ಹಂಚುತ್ತದೆ. ಮರಿ ಹಾರಲು ಕಲಿತ ಮೇಲೆ ತಂದೆ ತಾಯಿ ಬೇಟೆಯನ್ನು ಬಾಯಿಗೆ ಇಡುವುದಿಲ್ಲ. ಗಾಳಿಯಲ್ಲಿ ಕೈಬಿಡುತ್ತವೆ. ಬೇಕಾದರೆ ಹಿಡಿದುಕೋ! ಇಪ್ಪತ್ತೈದು ವರ್ಷದ ಮಗನ ಬೈಕಿಗೆ ಪೆಟ್ರೋಲ್ ಹಾಕಿಸಿ ಕೊಡುವ ತಂದೆಯಂದಿರು ಸ್ವಲ್ಪ ಯೋಚಿಸಬೇಕು.

ಇದೇ ಹಕ್ಕಿಯ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಎರಡನೇ ಮಹಾಯುದ್ಧದ ನಂತರ ಯುರೋಪ್, ಅಮೆರಿಕಗಳ ಹೊಲಗಳಿಗೆ ಡಿಡಿಟಿ ಸುರಿದರು. ಹುಳದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಡೇಗೆಗೆ ಆ ವಿಷ ಏರಿತು. ಡೇಗೆ ಅದರಿಂದ ಕೂಡಲೇ ಸಾಯಲಿಲ್ಲ. ಮೊಟ್ಟೆಯ ಚಿಪ್ಪು ತೆಳ್ಳಗಾಯಿತು. ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆದವು. 1967ರಲ್ಲಿ ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ ಹಳೆಯ ಮೊಟ್ಟೆಗಳನ್ನೂ ಹೊಸ ಮೊಟ್ಟೆಗಳನ್ನೂ ಅಳೆದು ಹೋಲಿಸಿ ಇದನ್ನು ತೋರಿಸಿದರು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು, ಹಕ್ಕಿಗಳು ಮೆಲ್ಲಗೆ ಚೇತರಿಸಿಕೊಂಡವು. ಆ ತಾಯಿಗೆ ಗೊತ್ತಿರಲಿಲ್ಲ, ಅವಳ ಮೇಲೆ ಹೊರೆಯಿಲ್ಲ. ಆದರೆ ಬಡ್ಡಿಯ ಹಣ, ಮೋಸದ ತೂಕದ ಹಣ, ತಂಗಿಯ ಪಾಲು ನುಂಗಿದ ಹಣವನ್ನು ಮನೆಗೆ ತರುವವನಿಗೆ ಅದು ಏನೆಂದು ಗೊತ್ತಿರುತ್ತದೆ. ಅವನೂ ಅದನ್ನು ಪ್ರೀತಿಯಿಂದಲೇ ಮಕ್ಕಳಿಗೆ ಉಣಿಸುತ್ತಾನೆ.

ಇನ್ನು ಕಾಳಿ ನದಿಯ ಮೇಲ್ಭಾಗಕ್ಕೆ, ಗಣೇಶಗುಡಿ, ದಾಂಡೇಲಿ ಕಡೆಗೆ ಹೋದರೆ ಮಂಗಟ್ಟೆ ಹಕ್ಕಿ ಇದೆ. 2011ರಲ್ಲಿ ಸರಕಾರ ಅಲ್ಲಿ ಇದಕ್ಕಾಗಿಯೇ ಕಾಡನ್ನು ಕಾದಿರಿಸಿದೆ. ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ, ಹಾರಲಾಗದು. ಸುಮಾರು ಮೂರು ತಿಂಗಳು ಅವಳ ಹೊಟ್ಟೆ, ಮರಿಯ ಹೊಟ್ಟೆ ಎರಡೂ ಹೊರಗಿರುವ ಗಂಡಿನ ಮೇಲೆ ನಿಂತಿರುತ್ತವೆ. ಅವನು ಕಾಡೆಲ್ಲ ಸುತ್ತಿ ಅತ್ತಿ, ಗೋಣಿ, ಆಲದ ಹಣ್ಣು ತಂದು ಆ ಸೀಳಿನಲ್ಲಿ ಒಂದೊಂದಾಗಿ ಕೊಡುತ್ತಾನೆ. ಅವನಿಗೆ ಒಂದು ಗುಂಡು ಬಿದ್ದರೆ ಒಳಗಿನವರೂ ಉಳಿಯುವುದು ಕಷ್ಟ.

ಈ ಸಾಲುಗಳಲ್ಲಿ ಕೂತಿರುವ ಹುಡುಗರಲ್ಲಿ ಅನೇಕರ ತಂದೆ ಮಸ್ಕತ್ತಿನಲ್ಲೋ ದಮ್ಮಾಮಿನಲ್ಲೋ ಇದ್ದಾರೆ. ಎರಡು ವರ್ಷಕ್ಕೊಮ್ಮೆ ಬರುವ ಆ ತಂದೆಯನ್ನು ಮಕ್ಕಳು ಫೋನಿನಲ್ಲಿ ಕಂಡೇ ಬೆಳೆಯುತ್ತಾರೆ. ದೂರದಿಂದ ತಂದುಕೊಡುವುದೂ ಸಾಕುವುದೇ ಎಂದು ಮಕ್ಕಳಿಗೆ ತಿಳಿಸಿ ಹೇಳಿ. ಬಾಗಿಲು ಮುಚ್ಚಿದ ಮನೆಯೊಳಗೆ ಒಬ್ಬಳೇ ಎಲ್ಲವನ್ನೂ ನಿಭಾಯಿಸುವ ತಾಯಿಯ ಕಷ್ಟವನ್ನೂ ಆ ತಂದೆಯಂದಿರು ತಿಳಿಯಲಿ.

ಹಕ್ಕಿ ನೋಡುವುದು ಇಂಗ್ಲಿಷರ ಹವ್ಯಾಸ ಎಂದು ಕೆಲವರು ನಗುತ್ತಾರೆ. ನಮ್ಮ ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ 1898ರಲ್ಲಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ದೊಡ್ಡ ಲೇಖನ ಬರೆದದ್ದು ನಿಜ. ಆದರೆ ಇಡೀ ಭಾರತಕ್ಕೆ ಹಕ್ಕಿ ನೋಡಲು ಕಲಿಸಿದವರು ಮುಂಬಯಿಯ ಬೊಹ್ರಾ ಮನೆತನದ ಸಲೀಂ ಅಲಿ. 1896ರಲ್ಲಿ ಹುಟ್ಟಿ ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಮಾವನ ಮನೆಯಲ್ಲಿ ಬೆಳೆದ ಹುಡುಗ. ಒಂದು ದಿನ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಕಲೆ ಕಂಡು, ಇದನ್ನು ಮುಸ್ಲಿಮನು ತಿನ್ನಬಹುದೇ ಎಂದು ಸಂಶಯಪಟ್ಟು ಮಾವನ ಬಳಿಗೆ ಹೋದ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಹಲಾಲಿನ ಬಗ್ಗೆ ಹುಟ್ಟಿದ ಒಂದು ಪ್ರಶ್ನೆ ಅವರನ್ನು ಪದ್ಮವಿಭೂಷಣದವರೆಗೆ ಒಯ್ದಿತು. ಇಂದು ನಮ್ಮದೇ ತಾಲೂಕಿನ ಕೈಗಾದಲ್ಲಿ ಪಕ್ಷಿ ಮ್ಯಾರಥಾನ್ ನಡೆಯುತ್ತದೆ, ದೂರದೂರದಿಂದ ಜನ ಬರುತ್ತಾರೆ. ನಮ್ಮ ಹುಡುಗರನ್ನೂ ಕಳುಹಿಸಿ.

ಈಗ ಮರದ ವಿಷಯ. ಹದ್ದು ಖಬರಸ್ತಾನದಲ್ಲಿ ಕೂತರೆ ಊರಿಗೆ ಕೇಡು ಎಂದು ಒಬ್ಬರು ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಹಕ್ಕಿಯಿಂದ ಶಕುನ ನೋಡುವುದನ್ನು ಪ್ರವಾದಿ(ಸ)ಯವರು ಸ್ಪಷ್ಟವಾಗಿ ತಳ್ಳಿಹಾಕಿದ್ದಾರೆ. ಆ ಮಾತು ಇಲ್ಲಿಗೇ ನಿಲ್ಲಲಿ. ಖಬರ್‌ಗಳ ಮೇಲೆ ಮೀನಿನ ಮುಳ್ಳು, ಹಿಕ್ಕೆ ಬೀಳುತ್ತದೆ ಎಂಬುದು ನಿಜವಾದ ದೂರು. ಅದಕ್ಕೆ ಪೊರಕೆ ಮತ್ತು ಎರಡು ಕೊಡ ನೀರು ಸಾಕು.

ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿದ, ಅಬೂದಾವೂದ್‌ನಲ್ಲಿರುವ ಘಟನೆ ನೋಡಿ. ಪ್ರಯಾಣದಲ್ಲಿದ್ದಾಗ ಪ್ರವಾದಿ(ಸ)ಯವರು ಸ್ವಲ್ಪ ಹೊತ್ತು ಆಚೆ ಹೋಗಿದ್ದರು. ಅಷ್ಟರಲ್ಲಿ ಸಹಾಬಿಗಳು ಒಂದು ಸಣ್ಣ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಬಂದು ರೆಕ್ಕೆ ಹರಡಿ ಚಡಪಡಿಸತೊಡಗಿತು. ಪ್ರವಾದಿ(ಸ)ಯವರು ಮರಳಿ ಬಂದವರೇ, ಇದರ ಮರಿ ತೆಗೆದು ಇದನ್ನು ಸಂಕಟಕ್ಕೆ ಹಾಕಿದವರು ಯಾರೆಂದು ವಿಚಾರಿಸಿದರು, ಮರಿಗಳನ್ನು ಹಿಂತಿರುಗಿಸಲು ಹೇಳಿದರು. ಮರಿ ತೆಗೆದವರು ಕೆಟ್ಟವರಲ್ಲ, ಸಹಾಬಿಗಳು. ಅವರಿಗೂ ಆ ಆದೇಶ ತಪ್ಪಲಿಲ್ಲ. ನಮ್ಮ ಕಾರಣ ಒಳ್ಳೆಯದು ಎಂಬುದು ಆ ತಾಯಿಯ ಮುಂದೆ ಉತ್ತರವಾಗುವುದಿಲ್ಲ.

ದೇಶದ ಕಾನೂನೂ ಇದೇ ಕಡೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡು ಹಕ್ಕಿಯ ಗೂಡು, ಮೊಟ್ಟೆ ಹಾಳು ಮಾಡುವುದೂ ಬೇಟೆಯೇ. ಕಡಲ ಹದ್ದು ಮೊದಲನೇ ಪಟ್ಟಿಯಲ್ಲಿದೆ. ಪಂಜರದಲ್ಲಿ ಗಿಳಿ ಸಾಕಿದವರೂ ಈ ಕಾಯ್ದೆಯನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿ.

ಕಮಿಟಿಯವರೊಡನೆ ನಿನ್ನೆ ಇಶಾ ಬಳಿಕ ಮಾತಾಡಿದ್ದೇನೆ. ಮಾರ್ಚ್ ಕೊನೆಯ ಹೊತ್ತಿಗೆ ಮರಿ ಹಾರಬಹುದು. ಅಲ್ಲಿಯವರೆಗೆ ಯಾರೂ ಮರ ಹತ್ತಬಾರದು, ಮದುವೆ ಮನೆಯ ಡ್ರೋನನ್ನು ಆ ಕಡೆ ಹಾರಿಸಬಾರದು, ಕ್ಯಾಟಾಪುಲ್ಟ್ ಹಿಡಿದ ಮಕ್ಕಳನ್ನು ತಂದೆಯಂದಿರೇ ತಡೆಯಬೇಕು. ಅದೇ ಜೋಡಿ ಮುಂದಿನ ವರ್ಷವೂ ಅದೇ ಗೂಡಿಗೆ ಬರುವುದರಿಂದ, ಮರ ಉಳಿಸಿ ಗೋಡೆಯ ಮೇಲೆ ಬಾಗಿದ ಒಂದು ಕೊಂಬೆಯನ್ನು ಮಾತ್ರ ತೆಗೆಯಲು ಸಾಧ್ಯವೇ ಎಂದು ಅರಣ್ಯ ಇಲಾಖೆಯವರನ್ನು ಕೇಳಿ, ಏಪ್ರಿಲ್ ಕೊನೆಗೆ ಕಮಿಟಿ ಮತ್ತೆ ಕೂರಲಿದೆ. ಗೋಡೆಯ ಖರ್ಚಿಗೆ ಇಂದು ನಮಾಝಿನ ನಂತರ ಬಾಗಿಲ ಬಳಿ ಡಬ್ಬಿ ಇಟ್ಟಿದ್ದಾರೆ. ಕಲ್ಲು ಇಳಿಸಿಕೊಡುವುದಾಗಿ ಇಬ್ಬರು ಸಹೋದರರು ಈಗಾಗಲೇ ಒಪ್ಪಿದ್ದಾರೆ, ಸಿಮೆಂಟಿಗೆ ಇನ್ನೂ ಬೇಕು.