ಕರ್ತೃವಿಲ್ಲದ ವಾಕ್ಯಗಳು ಮತ್ತು ವಿಜ್ಞಾನದ ವಿದ್ಯಾರ್ಥಿ

(ಇಲೆಕ್ಟ್ರಾನಿಕ್ ಸಿಟಿ ಪರಿಸರದ ತಾಂತ್ರಿಕ ವಿದ್ಯಾರ್ಥಿಗಳು ಮತ್ತು ಯುವ ಉದ್ಯೋಗಿಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲವು ವರ್ಷಗಳ ಹಿಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ಯಂತ್ರಕ್ಕೆ ಕೈ ಸಿಲುಕಿ ಓರ್ವ ಯುವಕ ನಾಲ್ಕು ಬೆರಳುಗಳನ್ನು ಕಳಕೊಂಡ. ಆಡಳಿತ ವರ್ಗ ಕೊಟ್ಟ ಒಂದು ಪುಟದ ತಾಂತ್ರಿಕ ವರದಿಯನ್ನು ಆಧರಿಸಿ ನಾನು ಸುದ್ದಿ ಬರೆದೆ. 'ಸುರಕ್ಷತಾ ಸೆನ್ಸರ್ ತೆಗೆಯಲ್ಪಟ್ಟಿದ್ದ ಸ್ಥಿತಿಯಲ್ಲಿ ಯಂತ್ರವು ಚಾಲನೆಯಲ್ಲಿದ್ದಾಗ ಅವಘಡ ಸಂಭವಿಸಿದೆ' ಎಂಬುದು ಆ ವರದಿಯ ವಾಕ್ಯ. ನನ್ನ ಸುದ್ದಿಯ ವಾಕ್ಯವೂ ಅದುವೇ. ಮರುದಿನ ಆ ಯುವಕನ ಅಣ್ಣ ದೂರವಾಣಿ ಕರೆ ಮಾಡಿದರು. ಅವರು ಸಿಟ್ಟಾಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಸರ್, ಸೆನ್ಸರ್ ತಾನಾಗಿಯೇ ಕಳಚಿಕೊಂಡಿತಾ?"

ನನ್ನಲ್ಲಿ ಉತ್ತರವಿರಲಿಲ್ಲ. ಸೆನ್ಸರ್ ಇದ್ದರೆ ಕೈ ಅಡ್ಡ ಬಂದಾಗಲೆಲ್ಲ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ಉತ್ಪಾದನೆ ಇಳಿಯುತ್ತದೆ. ಆದ್ದರಿಂದ ಅದನ್ನು ಯಾರೋ ತೆಗೆಸಿದ್ದರು. ಆ 'ಯಾರೋ' ವರದಿಯಲ್ಲಿ ಇರಲಿಲ್ಲ, ನನ್ನ ಸುದ್ದಿಯಲ್ಲೂ ಇರಲಿಲ್ಲ. ವರದಿಯಲ್ಲಿ ಒಂದೇ ಒಂದು ಸುಳ್ಳು ಇರಲಿಲ್ಲ ಎಂಬುದನ್ನು ಗಮನಿಸಿ. ಅದರ ವ್ಯಾಕರಣ ಸರಿಯಾಗಿತ್ತು, ತಾಂತ್ರಿಕ ವಿವರ ಸರಿಯಾಗಿತ್ತು. ಕರ್ತೃಪದ ಮಾತ್ರ ಇರಲಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಪತ್ರಿಕೋದ್ಯಮದ ಪಾಠವಲ್ಲ, ದರ್ಸ್‌ನಲ್ಲಿ ಉಸ್ತಾದರು ಕಲಿಸಿದ ಬಲಾಗದ ಪಾಠ. ಖತೀಬ್ ಅಲ್ ಕಝ್ವೀನಿ ಎಂಬ ವಿದ್ವಾಂಸರು 1338ರಲ್ಲಿ ನಿಧನರಾದವರು. ಅವರ ತಲ್ಖೀಸುಲ್ ಮಿಫ್ತಾಹ್ ಎಂಬ ಗ್ರಂಥವನ್ನೂ ಅದಕ್ಕೆ ತಫ್ತಾಝಾನಿಯವರು ಬರೆದ ವ್ಯಾಖ್ಯಾನವನ್ನೂ ಇಂದಿಗೂ ಮದ್ರಸಗಳಲ್ಲಿ ಓದಿಸುತ್ತಾರೆ. ಅದರಲ್ಲಿ, ವಾಕ್ಯದ ಕರ್ತೃವನ್ನು ಯಾವ ಯಾವ ಕಾರಣಗಳಿಗಾಗಿ ಬಿಟ್ಟುಬಿಡಲಾಗುತ್ತದೆ ಎಂಬ ಚರ್ಚೆಯಿದೆ. ಅದು ಎಲ್ಲರಿಗೂ ಗೊತ್ತಿರಬಹುದು. ಹೆಸರು ಹೇಳುವುದು ಗೌರವಕ್ಕೆ ತಕ್ಕುದಲ್ಲದಿರಬಹುದು. ಇಂತಹ ಹಲವು ಕಾರಣಗಳ ಪಟ್ಟಿಯಲ್ಲಿ ಇನ್ನೊಂದು ಕಾರಣವೂ ಇದೆ: ಮುಂದೆ ಅಗತ್ಯ ಬಿದ್ದಾಗ ನಿರಾಕರಿಸಲು ಅನುಕೂಲವಾಗಲಿ ಎಂಬುದು. 'ನಾನು ಅವರ ಬಗ್ಗೆ ಹೇಳಿಲ್ಲವಲ್ಲ' ಎಂದು ಜಾರಿಕೊಳ್ಳಲು. ಪೀಣ್ಯದ ಆ ವರದಿಯ ರಹಸ್ಯವನ್ನು ಸುಮಾರು ಏಳು ಶತಮಾನಗಳ ಹಿಂದಿನ ಗ್ರಂಥವೊಂದು ಬಿಚ್ಚಿಟ್ಟಿತ್ತು. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಆದರೆ ಬಳಸಿರಲಿಲ್ಲ.

ಆದ್ದರಿಂದ ಇಂದು ನಾನು ನಿಮ್ಮ ಮುಂದೆ ಇಡುವ ವಿಚಾರ ಇಷ್ಟೇ: ವಿಜ್ಞಾನ ಮತ್ತು ತಂತ್ರಜ್ಞಾನ ಕಲಿಯುವ ವಿದ್ಯಾರ್ಥಿಗೆ ವಾಗ್ಮಿತಾ ಶಾಸ್ತ್ರವನ್ನು, ಅಂದರೆ ರೆಟರಿಕ್ ಅನ್ನು, ಕಲಿಸಬೇಕು. ಚೆನ್ನಾಗಿ ಮಾತಾಡಲಿ ಎಂಬ ಕಾರಣಕ್ಕಲ್ಲ, ಮಾತನ್ನು ಪರೀಕ್ಷಿಸಲು ಬರಲಿ ಎಂಬ ಕಾರಣಕ್ಕೆ.

ಅಷ್ಟಕ್ಕೂ, ವಾಗ್ಮಿತೆ ಎಂದರೇನು? ನಮ್ಮಲ್ಲಿ ಹೆಚ್ಚಿನವರು ಅದನ್ನು ಚುನಾವಣಾ ಭಾಷಣ ಎಂದೋ ಪದಗಳ ಆಡಂಬರ ಎಂದೋ ತಿಳಿದಿದ್ದಾರೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಅರಿಸ್ಟಾಟಲ್ ಅದನ್ನು ಮನವೊಲಿಕೆಯ ದಾರಿಗಳನ್ನು ಗುರುತಿಸುವ ಸಾಮರ್ಥ್ಯ ಎಂದು ಕಂಡ. ಮಾತಾಡುವವನ ವಿಶ್ವಾಸಾರ್ಹತೆ, ಕೇಳುವವನ ಭಾವನೆ ಮತ್ತು ವಾದದ ತರ್ಕ ಎಂದು ಮೂರು ದಾರಿಗಳನ್ನು ಹೇಳಿದ. ಅರಬಿ ತತ್ವಜ್ಞಾನಿಗಳು ಈ ಗ್ರಂಥವನ್ನು ತರ್ಕಶಾಸ್ತ್ರದ ಸಾಲಿಗೇ ಸೇರಿಸಿದರು. 12ನೇ ಶತಮಾನದ ಇಬ್ನ್ ರುಶ್ದ್ ಅದಕ್ಕೆ ವ್ಯಾಖ್ಯಾನ ಬರೆದರು. ಮನುಷ್ಯರು ಸತ್ಯವನ್ನು ಒಪ್ಪಿಕೊಳ್ಳುವುದು ಮೂರು ರೀತಿಯಲ್ಲಿ, ಅಂದರೆ ಖಚಿತ ಪುರಾವೆಯಿಂದ, ವಾದ ಸಂವಾದದಿಂದ ಮತ್ತು ಮನವೊಲಿಸುವ ಮಾತಿನಿಂದ ಎಂದು ವಿವರಿಸಿದರು. 11ನೇ ಶತಮಾನದ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ, ಮಾತಿನ ಶಕ್ತಿ ಬಿಡಿ ಪದದಲ್ಲಿಲ್ಲ, ಪದಗಳ ಜೋಡಣೆಯಲ್ಲಿದೆ ಎಂದರು. ಕನ್ನಡಕ್ಕೂ ಇದು ಹೊಸತಲ್ಲ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ರಚನೆಯಾದ ಕವಿರಾಜಮಾರ್ಗ, ಅಂದರೆ ನಮಗೆ ಲಭ್ಯವಿರುವ ಮೊದಲ ಕನ್ನಡ ಗ್ರಂಥ, ಮಾತಿನ ಗುಣದೋಷಗಳ ಕುರಿತಾದ ಶಾಸ್ತ್ರವೇ ಆಗಿದೆ.

ಇನ್ನು, ವಿಜ್ಞಾನಕ್ಕೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಈ ಪ್ರಶ್ನೆಗೂ ಇತಿಹಾಸವಿದೆ. 1660ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಯಲ್ ಸೊಸೈಟಿಯ ಚರಿತ್ರೆಯನ್ನು ಥಾಮಸ್ ಸ್ಪ್ರಾಟ್ 1667ರಲ್ಲಿ ಪ್ರಕಟಿಸಿದರು. ವಿಜ್ಞಾನದ ಭಾಷೆಯಿಂದ ಅಲಂಕಾರವನ್ನು ಹೊರಹಾಕಬೇಕು, ಗಣಿತದಂತಹ ಸರಳತೆ ಬೇಕು ಎಂದು ಅವರು ವಾದಿಸಿದರು. ಆದರೆ ಆ ವಾದವನ್ನು ಅವರು ಮಂಡಿಸಿದ್ದು ಬಹಳ ಅಲಂಕಾರಿಕ ಗದ್ಯದಲ್ಲಿ! ಅಲಂಕಾರವಿಲ್ಲದ ಮಾತು ಎಂಬುದೂ ಒಂದು ಬಗೆಯ ಅಲಂಕಾರವೇ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ 'ನೇಚರ್' ಪತ್ರಿಕೆಯಲ್ಲಿ ಡಿಎನ್ಎ ರಚನೆಯ ಕುರಿತು ಬರೆದ ಪುಟ್ಟ ಲೇಖನವನ್ನು ನೋಡಿ. ಆನುವಂಶಿಕ ದ್ರವ್ಯ ನಕಲುಗೊಳ್ಳುವುದು ಹೇಗೆ ಎಂಬ ಬಹುದೊಡ್ಡ ಸುಳಿವನ್ನು ಅವರು ಕೊನೆಯ ಭಾಗದಲ್ಲಿ, ಅತಿ ವಿನಯದ ಒಂದೇ ವಾಕ್ಯದಲ್ಲಿ ಸೂಚಿಸಿ ಸುಮ್ಮನಾದರು. ಆ ವಿನಯ ಕೂಗಿಗಿಂತ ದೊಡ್ಡದಾಗಿ ಕೇಳಿಸಿತು.

ಮಾತಿನ ಪರೀಕ್ಷೆ ತಪ್ಪಿದರೆ ಜೀವವೂ ಹೋಗುತ್ತದೆ. 1986ರ ಜನವರಿ 27ರ ರಾತ್ರಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಉಡಾವಣೆಯ ಬಗ್ಗೆ ದೂರವಾಣಿ ಸಭೆ ನಡೆಯಿತು. ಚಳಿ ಹೆಚ್ಚಿದೆ, ಬೂಸ್ಟರ್ ರಾಕೆಟ್‌ನ ಕೀಲುಗಳಲ್ಲಿರುವ ರಬ್ಬರ್ ಉಂಗುರಗಳು ಬಿಗಿಯಾಗಿ ಕೂರಲಾರವು ಎಂದು ಇಂಜಿನಿಯರ್‌ಗಳು ಎಚ್ಚರಿಸಿದರು. ಸಾಮಾನ್ಯವಾಗಿ 'ಉಡಾವಣೆ ಸುರಕ್ಷಿತ ಎಂದು ಸಾಬೀತುಪಡಿಸಿ' ಎಂಬುದು ನಿಯಮ. ಆ ರಾತ್ರಿ ಅದು 'ಅಪಾಯಕಾರಿ ಎಂದು ಸಾಬೀತುಪಡಿಸಿ' ಎಂದು ತಿರುಗಿತು. ವಾದದ ಹೊರೆ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಜಾರಿತು. ಮರುದಿನ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮೃತಪಟ್ಟರು. ಇಂಜಿನಿಯರ್‌ಗಳ ಲೆಕ್ಕ ಸರಿಯಿತ್ತು. ಪ್ರಶ್ನೆ ತಿರುಗಿದ್ದನ್ನು ತಡೆಯುವ ಶಕ್ತಿ ಮಾತ್ರ ಆ ಸಭೆಯಲ್ಲಿ ಇರಲಿಲ್ಲ.

ಅಮೆರಿಕದ ಮಾತು ಸಾಕು, ನಮ್ಮ ಸುತ್ತಮುತ್ತ ನೋಡೋಣ. ನಾವು ಕೂತಿರುವ ಈ ಇಲೆಕ್ಟ್ರಾನಿಕ್ ಸಿಟಿಗೆ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಅಡಿಪಾಯ ಹಾಕಿದಾಗ ಇದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಹೊಲವಾಗಿತ್ತು. ಇಂದು ಇಲ್ಲಿ ತಯಾರಾಗುವ ಮುಖ್ಯ ಸರಕೆಂದರೆ ಸಾಫ್ಟ್‌ವೇರ್. ಅದರ ಜೊತೆಗೇ ಪದಗಳೂ ತಯಾರಾಗುತ್ತವೆ. 'ಕ್ಲೌಡ್' ಎನ್ನುತ್ತೇವೆ. ಆಕಾಶದಲ್ಲಿ ತೇಲುವ ಹಗುರ ಮೋಡ ಕಣ್ಣಿಗೆ ಬರುತ್ತದೆ. ನಿಜವಾಗಿ ಅದು ಸಾವಿರಾರು ಯಂತ್ರಗಳ ಕಟ್ಟಡ, ವಿದ್ಯುತ್ ನುಂಗುವ ಮತ್ತು ತಂಪಾಗಿಡಲು ಎಷ್ಟೋ ಕಡೆ ನೀರನ್ನೂ ಕುಡಿಯುವ ಕಟ್ಟಡ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ವೈಟ್‌ಫೀಲ್ಡ್‌ನವರಿಗೆ ಈ ರೂಪಕದ ತೂಕ ಗೊತ್ತಾಗಬೇಕು. ಬಲಾಗದಲ್ಲಿ ಇದನ್ನು ಇಸ್ತಿಆರ, ಅಂದರೆ ಎರವಲು ಎನ್ನುತ್ತಾರೆ. ಎರವಲು ಪಡೆದ ಪದವು ಏನನ್ನು ತೋರಿಸುತ್ತದೆ ಎಂಬುದರಷ್ಟೇ ಏನನ್ನು ಮುಚ್ಚುತ್ತದೆ ಎಂಬುದೂ ಮುಖ್ಯ.

ಇನ್ನೊಂದು ಪದ 'ಪಾರ್ಟ್ನರ್'. ಮಳೆಯಲ್ಲಿ ನೆನೆದುಕೊಂಡು ನಿಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಊಟ ತರುವ ಯುವಕನನ್ನು ಕಂಪೆನಿಗಳು ನೌಕರ ಎನ್ನುವುದಿಲ್ಲ, ಪಾಲುದಾರ ಎನ್ನುತ್ತವೆ. ಎಷ್ಟು ಗೌರವದ ಪದ! ಆದರೆ ನೌಕರನಿಗೆ ಭವಿಷ್ಯನಿಧಿ ಇದೆ, ರಜೆ ಇದೆ, ಗಾಯವಾದರೆ ಪರಿಹಾರದ ಕಾನೂನಿದೆ. ಪಾಲುದಾರನಿಗೆ? ಅವನಿಗೆ ಲಾಭದಲ್ಲಿ ಪಾಲೂ ಇಲ್ಲ. ಒಂದು ಪದ ಹೇಗೆ ಬಡವನ ಜೇಬಿಗೆ ಕೈ ಹಾಕಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ? 2025ರಲ್ಲಿ ಕರ್ನಾಟಕವು ಈ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ರೂಪಿಸಿ, ಪ್ರತಿ ವಹಿವಾಟಿನ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕಕ್ಕೆ ಅವಕಾಶ ಕಲ್ಪಿಸಿತು. ಒಪ್ಪಂದಗಳು ಸರಳ ಭಾಷೆಯಲ್ಲಿರಬೇಕು ಎಂಬುದನ್ನೂ ಅದು ಸೇರಿಸಿಕೊಂಡಿದೆ. ಭಾಷೆ ಹಕ್ಕಿನ ಪ್ರಶ್ನೆ ಎಂಬುದನ್ನು ಕಾನೂನು ಒಪ್ಪಿಕೊಂಡಿದೆ. ತರಗತಿ ಇನ್ನೂ ಒಪ್ಪಿಕೊಳ್ಳಬೇಕಾಗಿದೆ.

ಪದದಂತೆ ಪಟ್ಟಿಯೂ ಮಾತಾಡುತ್ತದೆ. 2021ರ ಮೇ ತಿಂಗಳಲ್ಲಿ ಕೊರೋನಾದ ಎರಡನೇ ಅಲೆಯ ನಡುವೆ ಬೆಂಗಳೂರಿನ ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಅಲ್ಲಿ 200ಕ್ಕೂ ಅಧಿಕ ಮಂದಿ ಕೆಲಸ ಮಾಡುತ್ತಿದ್ದರು. ಹಾಸಿಗೆ ಹಂಚಿಕೆಯ ಅಕ್ರಮವನ್ನು ಪ್ರಶ್ನಿಸಲು ಬಂದ ಸಂಸದರು ಕ್ಯಾಮರಾದ ಮುಂದೆ ಓದಿದ್ದು 17 ಹೆಸರುಗಳನ್ನು. ಅಷ್ಟೂ ಮುಸ್ಲಿಮ್ ಹೆಸರುಗಳು. ಆ ಹೆಸರುಗಳಲ್ಲಿ ಒಂದೂ ಸುಳ್ಳಲ್ಲ. ಅವರೆಲ್ಲ ಅಲ್ಲಿ ದುಡಿಯುತ್ತಿದ್ದವರೇ. ಆರೋಪದ ವಾಕ್ಯವನ್ನು ಹೇಳಬೇಕಾದ ಅಗತ್ಯವೇ ಬೀಳಲಿಲ್ಲ, ಆಯ್ಕೆಯೇ ಆರೋಪವಾಯಿತು. ದತ್ತಾಂಶ ವಿಜ್ಞಾನ ಕಲಿಯುವ ವಿದ್ಯಾರ್ಥಿಗೆ 'ಮಾದರಿಯ ಆಯ್ಕೆಯಲ್ಲಿ ಪಕ್ಷಪಾತ' ಎಂಬ ಪಾಠ ಗೊತ್ತು. ಆದರೆ ಟಿ.ವಿ. ಪರದೆಯ ಮೇಲೆ ಅದೇ ನಡೆದಾಗ ಆತ ಅದನ್ನು ಗುರುತಿಸಿದನೇ?

ಆದರೆ ನಿಲ್ಲಿ. ಬೆರಳನ್ನು ಇತರರ ಕಡೆಗೆ ಮಾತ್ರ ತೋರಿಸುವುದು ನ್ಯಾಯವಲ್ಲ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅದಾನ್ ಕೇಳಿ ಇಸ್ಲಾಮ್ ಸ್ವೀಕರಿಸಿದರೆಂಬ ಕತೆಯನ್ನು ನಮ್ಮ ಎಷ್ಟು ವೇದಿಕೆಗಳಲ್ಲಿ ಹೇಳಲಾಗಿದೆ? ಅವರು ಅದನ್ನು ಸ್ಪಷ್ಟವಾಗಿ ನಿರಾಕರಿಸಿದ್ದರು. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ರಾಯಭಾರ ಕಚೇರಿಗಳಿಗೆ ಈ ಬಗ್ಗೆ ಸ್ಪಷ್ಟೀಕರಣ ಕಳಿಸಬೇಕಾಯಿತು. ಆದರೂ ಕತೆ ನಿಲ್ಲಲಿಲ್ಲ. ಯಾಕೆ? ಅರಿಸ್ಟಾಟಲ್ ಹೇಳಿದ ಮೊದಲ ದಾರಿ ಅದು: ಬಾಹ್ಯಾಕಾಶ ಯಾನಿಯ ಪ್ರತಿಷ್ಠೆಯನ್ನು ನಾವು ಸಾಲ ಪಡೆದೆವು. ಸತ್ಯಧರ್ಮಕ್ಕೆ ಸುಳ್ಳಿನ ಸಾಲ ಯಾಕೆ ಬೇಕು? ಸುದ್ದಿ ತಂದವನನ್ನು ಪರಿಶೀಲಿಸಿ ಎಂಬುದು ಕುರ್‌ಆನಿನ ಆದೇಶ. ಆ ಆದೇಶ ವಾಟ್ಸ್ಆ್ಯಪ್‌ಗೂ ಅನ್ವಯಿಸುತ್ತದೆ, ಮಿಂಬರಿಗೂ ಅನ್ವಯಿಸುತ್ತದೆ.

ಈಗ ವಿಶ್ವವಿದ್ಯಾಲಯಗಳ ವಿಚಾರಕ್ಕೆ ಬರೋಣ. ದಾರಿ ಪೂರ್ತಿ ಮುಚ್ಚಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ನಾಲ್ಕು ವರ್ಷಗಳ ಪದವಿ ತರಗತಿ ಆರಂಭಿಸಿದಾಗ ಮಾನವಿಕ ವಿಷಯಗಳನ್ನೂ ಪಠ್ಯದ ಭಾಗವಾಗಿಸಿತು. ಇದೇ ಇಲೆಕ್ಟ್ರಾನಿಕ್ ಸಿಟಿಯಲ್ಲಿರುವ, 1999ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ತಂತ್ರಜ್ಞಾನ ಮತ್ತು ಸಮಾಜದ ಸಂಬಂಧವನ್ನು ಓದುವ 'ಡಿಜಿಟಲ್ ಸೊಸೈಟಿ' ಎಂಬ ಸ್ನಾತಕೋತ್ತರ ಪದವಿಯನ್ನು ರೂಪಿಸಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಸಂವಿಧಾನ, ಕನ್ನಡ ಮತ್ತು ಸಂವಹನ ಇಂಗ್ಲಿಷ್ ಸ್ಥಾನ ಪಡೆದಿವೆ. ಇವು ಸ್ವಾಗತಾರ್ಹ. ಆದರೆ ಸಂವಹನ ಎಂದರೆ ಸಂದರ್ಶನದಲ್ಲಿ ಗೆಲ್ಲುವ ಕಲೆ ಎಂದಷ್ಟೇ ತಿಳಿದರೆ ನಾವು ಅರ್ಧ ಶಾಸ್ತ್ರವನ್ನು ಮಾತ್ರ ಕಲಿಸಿದಂತೆ. ಒಂದು ವರದಿ ಕೈಗೆ ಬಂದಾಗ ವಿದ್ಯಾರ್ಥಿ ನಾಲ್ಕು ಪ್ರಶ್ನೆ ಕೇಳಲಿ: ಕರ್ತೃ ಎಲ್ಲಿ? ರೂಪಕ ಏನನ್ನು ಮುಚ್ಚುತ್ತಿದೆ? ಪಟ್ಟಿಯಿಂದ ಬಿಟ್ಟುಹೋದದ್ದೇನು? ಸಾಬೀತುಪಡಿಸುವ ಹೊರೆಯನ್ನು ಯಾರ ಮೇಲೆ ಹೊರಿಸಲಾಗಿದೆ? ಇದಕ್ಕೆ ಪ್ರಯೋಗಾಲಯ ಬೇಡ, ಹಣ ಬೇಡ. ದಿನಪತ್ರಿಕೆಯೊಂದು ಸಾಕು.

ಮದ್ರಸಗಳಿಗೂ ಒಂದು ಮಾತು. ನಮ್ಮಲ್ಲಿ ಶಾಸ್ತ್ರವಿದೆ, ಪ್ರಯೋಗವಿಲ್ಲ. ಕೇಳುಗರು ಮೂರು ಬಗೆ ಎಂದು ಬಲಾಗ ಕಲಿಸುತ್ತದೆ: ವಿಷಯ ಗೊತ್ತಿಲ್ಲದವನು, ಸಂದೇಹದಲ್ಲಿರುವವನು, ನಿರಾಕರಿಸುವವನು. ಮೊದಲಿನವನಿಗೆ ಸರಳವಾಗಿ ಹೇಳು, ಎರಡನೆಯವನಿಗೆ ತುಸು ಒತ್ತಿ ಹೇಳು, ಮೂರನೆಯವನಿಗೆ ಇನ್ನಷ್ಟು ದೃಢವಾಗಿ ಹೇಳು ಎಂಬುದು ನಿಯಮ. ಇದಕ್ಕೆ ಉದಾಹರಣೆಯನ್ನು ಯಾಸೀನ್ ಅಧ್ಯಾಯದಿಂದಲೇ ಕೊಡುತ್ತಾರೆ. ಆದರೆ ಲಸಿಕೆಯ ಬಗ್ಗೆ ಸಂದೇಹದಿಂದ ಪ್ರಶ್ನೆ ಕೇಳಿದ ತಾಯಿಯನ್ನು ನಾವು ನಿರಾಕರಿಸುವವಳಂತೆ ಕಂಡು ಗದರುತ್ತೇವೆ. ವೈದ್ಯರೂ ಹಾಗೆಯೇ, ಇಂಜಿನಿಯರ್‌ಗಳೂ ಹಾಗೆಯೇ. ಸಂದೇಹ ಮತ್ತು ನಿರಾಕರಣೆಯ ವ್ಯತ್ಯಾಸ ತಿಳಿಯದವರು ವಿಜ್ಞಾನವನ್ನೂ ತಲುಪಿಸಲಾರರು, ಧರ್ಮವನ್ನೂ ತಲುಪಿಸಲಾರರು.

ಮನೆಯಲ್ಲಿ ಯಾರೂ 'ಅನ್ನ ಬಡಿಸಲಾಗಿದೆ' ಎನ್ನುವುದಿಲ್ಲ. ಅಮ್ಮ ಬಡಿಸಿದರು ಎನ್ನುತ್ತೇವೆ. ಒಳಿತು ಮಾಡಿದವರ ಹೆಸರು ಹೇಳಲು ನಮಗೆ ಕಷ್ಟವಿಲ್ಲ. ಕೆಡುಕು ನಡೆದಾಗ ಮಾತ್ರ ವಾಕ್ಯವು ಅನಾಥವಾಗುತ್ತದೆ.

ಸಹೋದರರೇ, ನಾಳೆ ನಿಮ್ಮಲ್ಲಿ ಹಲವರು ಇಂತಹ ವರದಿಗಳನ್ನು ಬರೆಯುವ ಕುರ್ಚಿಯಲ್ಲಿ ಕೂರುತ್ತೀರಿ. ದತ್ತಾಂಶ ಸೋರಿಕೆಯಾಯಿತು, ವ್ಯವಸ್ಥೆ ವಿಫಲವಾಯಿತು, ಹುದ್ದೆಗಳು ಕಡಿತಗೊಂಡವು ಎಂದು ಬರೆಯಲು ಮೇಲಿನವರು ಹೇಳುತ್ತಾರೆ. ಆಗ ಬೆರಳು ಕೀಲಿಮಣೆಯ ಮೇಲಿರುವ ಹೊತ್ತಿಗೆ, ಬೆರಳು ಕಳಕೊಂಡ ಒಬ್ಬನ ಅಣ್ಣ ನನ್ನಲ್ಲಿ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ. ನಾನು ಮರುವಾರ ಆ ಸುದ್ದಿಯನ್ನು ತಿದ್ದಿ ಬರೆದೆ. ಸೆನ್ಸರ್ ತೆಗೆಯಲು ಆದೇಶ ಕೊಟ್ಟವರು ಯಾರೆಂದು ವಿಚಾರಿಸಿ ಬರೆದೆ. ಆದರೆ ಅದು ಮೊದಲ ದಿನವೇ ಬರೆಯಬೇಕಾಗಿದ್ದ ವಾಕ್ಯವಾಗಿತ್ತು.