ಮುಂಡಗೋಡದ ನೆರೆಹೊರೆ

(ಸದಾಶಿವ ಪೇಠದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)



ಚಳಿಗಾಲ ಬಂತೆಂದರೆ ಪುಣೆಯಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಒಮ್ಮೆ ಚೌಕಾಸಿ ಮಾಡುತ್ತ ನಮ್ಮ ಮನೆಯವರಿಗೆ, ‘ಭಾಳ ಜಾಸ್ತಿ ಹೇಳತಾಳ್ರೀ’ ಎಂದೆ. ಅಂಗಡಿಯಾಕೆ ನಕ್ಕು, ‘ಜಾಸ್ತಿ ಇಲ್ಲ ಅಕ್ಕಾ, ನಾನೂ ಮುಂಡಗೋಡದಾಕಿ’ ಎನ್ನಬೇಕೆ! ನನ್ನ ತವರು ಅಲ್ಲಿಂದ ಹತ್ತೇ ಮೈಲು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ. ನೆಹರೂ ರಾಜ್ಯಗಳಿಗೆ ಜಾಗ ಕೇಳಿದಾಗ ನಮ್ಮ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1966ರಲ್ಲಿ ಮುಂಡಗೋಡದಲ್ಲಿ ಸುಮಾರು 4,000 ಎಕರೆ. ಉಳಬಹುದು, ಮಾರುವಂತಿಲ್ಲ.

ನಮ್ಮೂರ ಹೆಣ್ಣುಮಕ್ಕಳು ಆಗ ಕೇಳಿದ್ದು ಒಂದೇ: ‘ಅವರಿಗೆ ಹೊಲಾ ಕೊಟ್ಟರು. ಹೊಲಾ ಇಲ್ಲದ ನಮಗೇನು ಕೊಟ್ಟರು?’ ಇದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕಬೇಡಿ. ನ್ಯಾಯವಾದ ಪ್ರಶ್ನೆಯೇ. ಆದರೆ ಅವರೇ ‘ಕ್ಯಾಂಪಿ’ಗೆ ಗೋವಿನಜೋಳದ ಕಳೆ ತೆಗೆಯಲು ಹೋದರು, ಕೂಲಿ ತಂದರು. ಮಗುವಿಗೆ ಜ್ವರ ಬಂದರೆ ಅಲ್ಲಿನ ಆಸ್ಪತ್ರೆಗೇ ಓಡಿದರು. ಜಗಳ ಆಗಲಿಲ್ಲ ಎಂದಲ್ಲ. ದನ ಹೊಲಕ್ಕೆ ನುಗ್ಗಿದರೆ ಅಣ್ಣತಮ್ಮಂದಿರೂ ಬಡಿದಾಡುತ್ತಾರೆ. ಆದರೆ ನಾಳೆ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕಾದವರು ಬೆಂಕಿ ಹಚ್ಚುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಧರ್ಮಶಾಲಾದ ಕಥೆ ಬೇರೆ. ಅಲ್ಲಿ ಬದುಕು ಹೊಲದ್ದಲ್ಲ, ಅಂಗಡಿ ಮತ್ತು ಪ್ರವಾಸಿಗರದ್ದು. ಯಾರು ಯಾರ ಹೆಸರಿನಲ್ಲಿ ಜಾಗ ಹಿಡಿದಿದ್ದಾರೆಂಬ ಗುಸುಗುಸು ಬೇರೆ. 1994ರಲ್ಲಿ ಹುಡುಗರ ಜಗಳದಲ್ಲಿ ಒಬ್ಬ ಸ್ಥಳೀಯ ಯುವಕ ಸತ್ತ. ಆ ಒಂದು ಸಾವಿನ ಸಿಟ್ಟು ಇಡೀ ಸಮುದಾಯದ ಮೇಲೆ ತಿರುಗಿ, ಟಿಬೆಟನ್ನರ ಅಂಗಡಿಗಳಿಗೆ ಬೆಂಕಿ ಬಿತ್ತು. ತಾವೇ ಊರು ಬಿಡುತ್ತೇನೆಂದು ದಲೈ ಲಾಮಾ ಹೇಳುವವರೆಗೂ ಹೋಯಿತು.

ದೂರದ ಉಗಾಂಡಾ ನಿರಾಶ್ರಿತರಿಗೆ ಸಾಗುವಳಿಗೆ ತುಂಡು ಭೂಮಿ ಕೊಡುತ್ತದೆ. ಅವರಿಗೆಂದು ಬರುವ ನೆರವಿನಲ್ಲಿ ಶೇ. 30ರಷ್ಟು ಸುತ್ತಲಿನ ಊರವರಿಗೂ ಸಲ್ಲಬೇಕೆಂಬ ನಿಯಮ ಮಾಡಿಕೊಂಡಿದೆ. ಬಂದವರಿಗೆ ಬಾವಿ ತೋಡಿದರೆ ಊರವರ ಕೊಡವೂ ಅಲ್ಲಿ ತುಂಬಬೇಕು, ಅಷ್ಟೇ ಲೆಕ್ಕ. ನಮ್ಮಲ್ಲಿ ಆ ಹಂಚಿಕೆ ಬಹುಮಟ್ಟಿಗೆ ತಾನಾಗಿಯೇ ಆಯಿತು, ಯಾರೂ ಬರೆದಿಡಲಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿ ತಂದು, ಅವರಿಗೆ 20 ವರ್ಷದ ಗೇಣಿಪತ್ರ, ಪಡಿತರ, ಉದ್ಯೋಗ ಖಾತರಿ ಸಿಗಬೇಕೆಂದಿತು. ನಮ್ಮೂರ ಹೆಂಗಸರ ಆ ಹಳೆಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಸ್ವೆಟರ್ ಕೊಂಡೆ. ಐವತ್ತು ರೂಪಾಯಿ ಬಿಟ್ಟಳು, ತವರಿನ ಲೆಕ್ಕದಲ್ಲಿ.